ಕ್ಷಮಾವಣಿಯೂ ಒಂದು ಬಾವಿಯ ಅಪೀಲೂ

ನನ್ನ ತಂಗಿಯ ಮಗಳು ಸಿವಿಲ್ ಜಡ್ಜ್ ಆಗಿ ನೇಮಕವಾಗಿದ್ದಾಳೆ. ತರಬೇತಿ ಮುಗಿಸಿ ಕೆಲಸಕ್ಕೆ ಹಾಜರಾಗುವ ಮುನ್ನ ಬೆಳಗಾವಿಯ ನಮ್ಮ ಮನೆಗೆ ಬಂದವಳು ಚಹಾ ಕುಡಿಯುತ್ತ ಕೇಳಿದಳು: "ಮಾಮಾ, ನೀ ಚಿಕ್ಕೋಡಿಯೊಳಗ ಭಾಳ ವರ್ಷ ಅಪೀಲು ಕೇಳಿದಿ. ಖರೇನ ಆ ಕೆಲಸ ಹೆಂಗಿರತೈತಿ, ಹೇಳು." ನಾನು ಕಲಮುಗಳನ್ನು ಹೇಳಲು ಶುರುಮಾಡಿದೆ. ಅವಳು ಕೈ ಅಡ್ಡ ಹಿಡಿದು, "ಕಲಮು ಪುಸ್ತಕದಾಗ ಅದಾವ. ಪುಸ್ತಕದಾಗ ಇರಲಾರದ್ದು ಹೇಳು" ಅಂದಳು. ನ್ಯಾಯಾಧೀಶರ ಮಾತಿಗೆ ಹೀಗೆ ಅಡ್ಡ ಬರುವವಳು ವಕೀಲರನ್ನು ಚೆನ್ನಾಗಿಯೇ ಸಂಭಾಳಿಸುತ್ತಾಳೆ ಎನ್ನಿಸಿತು. ಅವಳಿಗೆಂದು, ಅವಳಂಥವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದು ಪಿಂಚಣಿ ಕಾಗದದಲ್ಲಿದೆ, ಅಲ್ಲಿಯೇ ಇರಲಿ. ಎಂಬತ್ತರ ದಶಕದಲ್ಲಿ ರಾಯಬಾಗದ ಕಡೆ ಮುನ್ಸೀಫ, ಅಂದರೆ ಈಗಿನ ಸಿವಿಲ್ ಜಡ್ಜ್, ಆಗಿದ್ದೆ, ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯಲ್ಲಿ ಕುಳಿತು ಸುತ್ತಲಿನ ಕೋರ್ಟುಗಳ ತೀರ್ಪಿನ ಮೇಲೆ ಬರುವ ಅಪೀಲುಗಳನ್ನು ಕೇಳಿದೆ, ಇಷ್ಟು ತಿಳಿದರೆ ಸಾಕು.

ಮುನ್ಸೀಫನಿಗೂ ಅಪೀಲಿನ ನ್ಯಾಯಾಧೀಶನಿಗೂ ದೊಡ್ಡ ವ್ಯತ್ಯಾಸವಿದೆ. ಮುನ್ಸೀಫನ ಮುಂದೆ ಮನುಷ್ಯರು ಬಂದು ನಿಲ್ಲುತ್ತಾರೆ. ಸಾಕ್ಷಿ ಹೇಳುವವನು ಬೆವರುತ್ತಾನೆ, ತಡವರಿಸುತ್ತಾನೆ, ವಕೀಲನ ಕಡೆ ಕದ್ದು ನೋಡುತ್ತಾನೆ. ಅಪೀಲಿಗೆ ಬರುವುದು ಬರೀ ಕಾಗದ. ಬೆವರು ಕಾಗದದ ಮೇಲೆ ಟೈಪ್ ಆಗಿರುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ನಾವು ಬರೆದ ತೀರ್ಪು ಹೊಲಕ್ಕೆ ಹೋಗಿ ಏನಾಯಿತು ಎಂಬುದು ನಮಗೆ ಗೊತ್ತಾಗುವುದೇ ಇಲ್ಲ. ಅದರ ಅಮಲ್ಜಾರಿ, ಅಂದರೆ ಅದನ್ನು ಜಾರಿಗೆ ತರುವುದು, ಕೆಳಗಿನ ಕೋರ್ಟಿನ ಕೆಲಸ. ನಾವು ಸಹಿ ಹಾಕಿ ಕಡತ ಕಟ್ಟಿ ಕಳಿಸಿಬಿಡುತ್ತೇವೆ.

ಈ ಕೊರತೆಯ ನಡುವೆ ಕೆಲಸ ಹೇಗೆ ಮಾಡಬೇಕೆಂದು ನನಗೆ ಕಲಿಸಿದವರು ಒಬ್ಬ ಹಿರಿಯ ಜಿಲ್ಲಾ ನ್ಯಾಯಾಧೀಶರು. ನಾವೆಲ್ಲ ಅವರನ್ನು ದೊಡ್ಡ ಸಾಹೇಬರು ಅನ್ನುತ್ತಿದ್ದೆವು. ದೇಹ ಮಾತ್ರ ಸಣ್ಣದು, ಕುರ್ಚಿಯಲ್ಲಿ ಕುಳಿತರೆ ಮೇಜಿನ ಮೇಲೆ ಕನ್ನಡಕವಷ್ಟೇ ಕಾಣುತ್ತಿತ್ತು. ಬಾಯಿ ಬಲು ಜೋರು. ಅಪೀಲಿನ ಕಡತ ಬಂದರೆ ಕೆಳಗಿನ ಕೋರ್ಟಿನ ತೀರ್ಪನ್ನು ಬಿಚ್ಚಿ ತೆಗೆದು ಕಪಾಟಿನಲ್ಲಿ ಇಡಿಸುತ್ತಿದ್ದರು. ಮೊದಲು ಸಾಕ್ಷಿಗಳ ಹೇಳಿಕೆ ಓದುವುದು, ಆಮೇಲೆ ದಾಖಲೆ, ಎಲ್ಲಕ್ಕೂ ಕಡೆಗೆ ತೀರ್ಪು. "ತೀರ್ಪು ಮದಲ ಓದಿದ್ರ ನೀನೂ ಅವನ ಕಣ್ಣಿಲೇನ ನೋಡ್ತಿ. ಹಂಗಾದ್ರ ಸರಕಾರ ನಿನಗ ಬ್ಯಾರೆ ಪಗಾರ ಯಾಕ ಕೊಡಬೇಕು?" ಎನ್ನುತ್ತಿದ್ದರು. ಇನ್ನೊಂದು ಮಾತನ್ನು ನಾನು ಅವರಿಂದ ಎಷ್ಟು ಸಲ ಕೇಳಿದೆನೋ: "ಸಾಕ್ಷಿ ಏನ ಹೇಳ್ಯಾನ ಅಂತ ಎಲ್ಲಾರೂ ಓದ್ತಾರ. ಏನ ಹೇಳಿಲ್ಲ, ಅದನ್ನ ಓದು." ಇಂಥ ಮೇಲಧಿಕಾರಿ ಸಿಕ್ಕಿದ್ದು ನನ್ನ ಪುಣ್ಯ. ಅವರು ಬೈದ ಬೈಗುಳ ಕೂಡ ಈಗ ನೆನಪಾದರೆ ಖುಷಿಯಾಗುತ್ತದೆ.

ಅವರ ಕೈಯಲ್ಲಿ ನಾನು ಅತಿ ಹೆಚ್ಚು ಬೈಸಿಕೊಂಡದ್ದು ಒಂದು ಜೀಪಿನ ವಿಷಯಕ್ಕೆ. ಆಗಿನ್ನೂ ನಾನು ಮುನ್ಸೀಫ. ರಾಯಬಾಗದ ಹತ್ತಿರ ಕಬ್ಬಿನ ಹೊಲದ ದಾರಿಯ ತಕರಾರು. ಸ್ಥಳ ನೋಡಿಯೇ ತೀರ್ಮಾನ ಮಾಡುತ್ತೇನೆಂದು ಹುರುಪಿನಿಂದ ಹೊರಟೆ. ಕರಿಮಣ್ಣು, ಹಿಂದಿನ ದಿನ ಕಾಲುವೆ ನೀರು ಬೇರೆ ಹಾಯ್ದಿತ್ತು. ಜೀಪು ಅಚ್ಚಿನವರೆಗೆ ಹುಗಿದುಕೊಂಡು ಕುಳಿತಿತು. ಯಾರೋ ಪುಣ್ಯಾತ್ಮ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ಮೇಲೆ ಬಂದ ಮೇಲೆ ತಿಳಿಯಿತು, ಟ್ರ್ಯಾಕ್ಟರ್ ವಾದಿಯದು.

ಪ್ರತಿವಾದಿ ಸುಮ್ಮನಿರುತ್ತಾನೆಯೇ? ಅವನೂ ತನ್ನ ಟ್ರ್ಯಾಕ್ಟರ್ ತರಿಸಿ ಎದುರಿಗೆ ನಿಲ್ಲಿಸಿದ. "ಸಾಹೇಬ್ರ, ಅವ್ರ ಗಾಡಿ ನಿಮ್ಮನ್ನ ಎಳದೈತಿ. ನಮ್ಮ ಗಾಡೀನೂ ಎಳೀಬೇಕ್ರಿ. ಇಲ್ಲಂದ್ರ ಊರಾಗ ಏನಂತಾರ?" ಅಂದ. ಜೀಪು ಆಗಲೇ ಮೇಲೆ ಬಂದಿದೆಯಲ್ಲ ಎಂದೆ. "ಮತ್ತ ಕೆಸರಿಗೆ ಇಳಸೋಣ್ರಿ" ಅಂದ, ಯಾವ ತೊಡಕೂ ಇಲ್ಲದವನಂತೆ. ವಾದಿಯ ಮುಖ ನೋಡಿದೆ. ಅವನೂ ತಲೆಯಾಡಿಸಿ, "ಅವ ಹೇಳೂದು ನ್ಯಾಯ ಐತ್ರಿ" ಅಂದ. ಎರಡೂ ಕಡೆಯವರು ಕೂಡಿ ಜೀಪನ್ನು ಹಿಂದಕ್ಕೆ ನೂಕಿ ಅದೇ ಕೆಸರಿನಲ್ಲಿ ಹುಗಿದರು, ಪ್ರತಿವಾದಿಯ ಟ್ರ್ಯಾಕ್ಟರ್ ಅದನ್ನು ಎಳೆದು ತೆಗೆಯಿತು. ಸುದ್ದಿ ಬೆಳಗಾವಿ ಮುಟ್ಟಿ ದೊಡ್ಡ ಸಾಹೇಬರು ನನ್ನನ್ನು ಕರೆಸಿ ಬೆವರಿಳಿಸಿದರು. ಬೈದು ಮುಗಿಸಿ ಕಡೆಗೆ ತಾವೇ ನಗತೊಡಗಿದರು. "ಈ ಮಂದಿಗೆ ನ್ಯಾಯ ಅಂದ್ರ ಏನಂತ ನಿನಗಿಂತ ಚಲೋ ಗೊತ್ತೈತಿ. ಅವರ ಮುಂದ ಹುಷಾರ್ ಇರು" ಅಂದರು. ಆ ಭಾಗದ ಕಕ್ಷಿದಾರರ ಬಗ್ಗೆ ನನ್ನ ಮನಸ್ಸಿನಲ್ಲಿ ಗೌರವ ಮೂಡಿದ್ದು ಅಂದಿನಿಂದ.

ನನ್ನ ಕಾಲದಲ್ಲಿ ಕೆಲಸದ ರೀತಿಯೂ ಬದಲಾಯಿತು. ಶುರುವಿನಲ್ಲಿ ಸಾಕ್ಷಿಯ ಮಾತನ್ನು ನಾನೇ ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಟೈಪಿಸ್ಟರು ಬಂದರು, ಕಡೆಗಡೆಗೆ ಕಂಪ್ಯೂಟರ್ ಎಂಬುದನ್ನು ಬಟ್ಟೆ ಹೊದಿಸಿ ಒಂದು ಕೋಣೆಯಲ್ಲಿ ಇಟ್ಟರು. ನಿಪ್ಪಾಣಿಯ ಸಾಕ್ಷಿ ಮರಾಠಿಯಲ್ಲಿ ಹೇಳುತ್ತಾನೆ, ವಕೀಲ ಕನ್ನಡದಲ್ಲಿ ಕೇಳುತ್ತಾನೆ, ನಾವು ಇಂಗ್ಲಿಷಿನಲ್ಲಿ ಬರೆಸುತ್ತೇವೆ. ಮೂರು ಭಾಷೆ ದಾಟಿ ಬಂದ ಮಾತಿನಲ್ಲಿ ಮನುಷ್ಯನ ದನಿ ಎಷ್ಟು ಉಳಿದಿರುತ್ತದೆ? ಅದಕ್ಕೇ ನಾನು ಕನ್ನಡದ ಮುಖ್ಯ ಮಾತುಗಳನ್ನು ಸಾಕ್ಷಿ ಆಡಿದಂತೆಯೇ ಬರೆಸುವ ರೂಢಿ ಮಾಡಿಕೊಂಡೆ. ಈಗ ಹೇಳಹೊರಟಿರುವ ಅಪೀಲಿನಲ್ಲಿ ಆ ರೂಢಿ ನನ್ನ ಕೈ ಹಿಡಿಯಿತು.

ಶೇಡಬಾಳದ ಹತ್ತಿರದ ಒಂದು ಊರು. ಪಾಯಪ್ಪ, ತವನಪ್ಪ ಎಂಬ ಇಬ್ಬರು ಜೈನ ರೈತರು, ಅಣ್ಣತಮ್ಮಂದಿರ ಮಕ್ಕಳು. ಪಾಯಪ್ಪ ವಯಸ್ಸಿನಲ್ಲಿ ದೊಡ್ಡವನು. ಅಜ್ಜ ತೋಡಿಸಿದ ಬಾವಿ ಪಾಲಾಗುವಾಗ ತವನಪ್ಪನ ಹೊಲದಲ್ಲಿ ಉಳಿಯಿತು. ಪಾಯಪ್ಪನದು ಪಕ್ಕದಲ್ಲೇ ದ್ರಾಕ್ಷಿ ತೋಟ, ಅದಕ್ಕೆ ಬೇರೆ ನೀರಿಲ್ಲ. ಇಬ್ಬರೂ ಪಾಳಿಯ ಪ್ರಕಾರ ನೀರು ಹಾಯಿಸುತ್ತ ಬಂದಿದ್ದರು, ಒಂದು ದಿನ ಇವನು, ಒಂದು ದಿನ ಅವನು. ಯಾವುದೋ ಮಾತಿಗೆ ಮಾತು ಬೆಳೆದು ತವನಪ್ಪ ದಾವೆ ಹೂಡಿದ. ಬಾವಿ ನನ್ನದು, ಇಷ್ಟು ದಿನ ಮನೆಯವನೆಂದು ನೀರು ಬಿಟ್ಟಿದ್ದೆ, ಹಕ್ಕೇನೂ ಇಲ್ಲ, ಇನ್ನು ಅವನು ಬಾವಿಗೆ ಬರಬಾರದು ಎಂಬುದು ದಾವೆ. ಪಾಯಪ್ಪನ ವಾದ: ನೀರಿನ ಪಾಳಿ ಅಜ್ಜನ ಕಾಲದಿಂದ ಬಂದ ಹಕ್ಕು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಪಾಳಿಯ ಮಾತೇ ಇಲ್ಲ. ಬಾಯಿ ಸಾಕ್ಷಿ ಎರಡೂ ಕಡೆ ಸಮನಾಗಿತ್ತು.

ತಕ್ಕಡಿ ಹೀಗೆ ನಿಂತಾಗ ತವನಪ್ಪನ ಕಡೆಯ ಇಬ್ಬರು ಸಾಕ್ಷಿಗಳು ಒಂದು ಮಾತು ಹೇಳಿದ್ದರು. ದಾವೆಗೆ ಮುಂಚೆ, ಜಗಳ ಶುರುವಾದ ಮೇಲೆ, ಪಾಯಪ್ಪ ತಾನಾಗಿ ತವನಪ್ಪನ ಮನೆಗೆ ಬಂದು ಮಂದಿಯ ಎದುರಿಗೆ ಕೈ ಮುಗಿದು ಕ್ಷಮೆ ಕೇಳಿದ. ಪಾಯಪ್ಪನೂ ಅದನ್ನು ಅಲ್ಲಗಳೆದಿರಲಿಲ್ಲ. ಪಾಟೀ ಸವಾಲಿನಲ್ಲಿ "ಹೌದ್ರಿ, ಹೋಗಿದ್ದೆ, ಕೇಳೇನಿ" ಎಂದಷ್ಟೇ ಹೇಳಿದ್ದ. ಮುನ್ಸೀಫರು ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ತರುಣ. ಪ್ರತಿವಾದಿ ತನ್ನ ತಪ್ಪನ್ನು ಸ್ವತಃ ಒಪ್ಪಿಕೊಂಡಿದ್ದಾನೆ, ಆದ್ದರಿಂದ ನೀರು ತೆಗೆದುಕೊಂಡದ್ದೇ ತಪ್ಪು ಎಂದು ಬರೆದು ಡಿಕ್ರಿ ಕೊಟ್ಟುಬಿಟ್ಟರು. ಪಾಯಪ್ಪ ಚಿಕ್ಕೋಡಿಗೆ ಅಪೀಲು ತಂದ. ಅಪೀಲು ಮುಗಿಯುವತನಕ ನೀರು ನಿಲ್ಲಿಸಬಾರದೆಂದು ನಾನು ತಡೆ ಕೊಟ್ಟಿದ್ದೆ.

ಪಾಯಪ್ಪ ತವನಪ್ಪನ ಮನೆಗೆ ಹೋದದ್ದು ಕ್ಷಮಾವಣಿಯ ದಿನವೇ ಇರಬೇಕು ಎಂದು ಕಡತ ಓದಿದೊಡನೆ ನನಗೆ ಅನ್ನಿಸಿತು. ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ದಿನ ಅದು. ಅಂದು ಮನೆಮನೆಗೆ ಹೋಗಿ, ಎದುರಾದವರಿಗೆಲ್ಲ ಕೈ ಮುಗಿದು "ಉತ್ತಮ ಕ್ಷಮಾ" ಅನ್ನುತ್ತಾರೆ. ರಾಯಬಾಗದಲ್ಲಿದ್ದಾಗ ನನ್ನ ನೆರೆಯವರು ನನಗೂ ಹೇಳುತ್ತಿದ್ದರು. ಆದರೆ ಒಂದು ತೊಡಕಿತ್ತು, ಅದನ್ನು ಹೊಸಬರು ಚೆನ್ನಾಗಿ ತಿಳಿಯಬೇಕು. ನನಗೆ ಗೊತ್ತಿರುವುದು ಬೇರೆ, ಕಡತದಲ್ಲಿರುವುದು ಬೇರೆ. ನನ್ನ ನೆರೆಯವರ ಮಾತನ್ನು ನೆನೆದು ನಾನು ತೀರ್ಪು ಬರೆಯುವ ಹಾಗಿಲ್ಲ. ಕಡತದಲ್ಲಿ ಕ್ಷಮೆ ಇತ್ತು, ಕ್ಷಮಾವಣಿ ಇರಲಿಲ್ಲ. ಪಾಯಪ್ಪನ ವಕೀಲರು ಅದು ಯಾವ ದಿನವೆಂದು ಸಾಕ್ಷಿಗಳನ್ನು ಕೇಳುವುದನ್ನೇ ಮರೆತಿದ್ದರು. ಎಲ್ಲರಿಗೂ ಗೊತ್ತಿರುವುದನ್ನು ಕೋರ್ಟಿಗೆ ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ವಾದ ಕೇಳುವ ದಿನ ಇಬ್ಬರೂ ಬಂದಿದ್ದರು. ರಾಜಿ ಆಗುತ್ತದೆಯೇ ಎಂದು ಕೇಳಿದೆ. ತವನಪ್ಪ ತನ್ನ ವಕೀಲರ ಕಡೆ ನೋಡಿದ. ಪಾಯಪ್ಪ ಮುಂದೆ ಬಂದ. ಬಿಳಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ.

"ಸಾಹೇಬ್ರ, ನೀರು ಹೋದ್ರ ದ್ರಾಕ್ಷಿ ಒಣಗ್ತೈತಿ. ಮಕ್ಕಳಂಗ ಬೆಳಸೇನಿ, ಹೊಟ್ಟಿ ಉರೀತೈತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಅದಕ್ಕಿಂತ ದೊಡ್ಡದೊಂದು ಐತ್ರಿ. ಬರೂ ಭಾದ್ರಪದಕ್ಕ ನಾ ಇವನ ಮನಿಗೆ ಹೆಂಗ ಹೋಗ್ಲಿ? ಹೋಗಿ ಕೈ ಮುಗದ್ರ ಇನ್ನೊಂದು ಕೇಸ ಆಕ್ಕೈತಿ. ಹೋಗದಿದ್ರ ನಾ ಎಂಥಾ ಜೈನ?" ಅಂದ. ಆಮೇಲೆ, "ಹ್ವಾದ ವರ್ಷ ಆ ದಿನ ನಮ್ಮೂರಾಗ ಕೇಸ ಇದ್ದಾವ್ರು ಯಾರೂ ಮನಿ ಬಿಟ್ಟು ಹೊರಗ ಬರಲಿಲ್ರಿ. ಈ ತೀರ್ಪು ಕೇಳಿ ಎಲ್ಲಾರೂ ಅಂಜ್ಯಾರ" ಅಂದ.

ಮುನ್ಸೀಫರು ಬರೆದದ್ದು ಒಂದು ಬಾವಿಯ ತೀರ್ಪು, ಅದು ಹೋಗಿ ತಟ್ಟಿದ್ದು ಊರಿನ ಒಂದು ಒಳ್ಳೆಯ ದಿನಕ್ಕೆ. ಆದರೆ ವಾದದ ಹೊತ್ತಿನಲ್ಲಿ ಆಡಿದ ಈ ಮಾತೂ ಸಾಕ್ಷ್ಯವಲ್ಲ. ಅದನ್ನು ಕೇಳಿ ನಾನು ಮರುಗಬಹುದು, ಬಳಸುವಂತಿಲ್ಲ.

ಕಡತವನ್ನು ಮನೆಗೆ ಒಯ್ದು ಮತ್ತೆ ಮೊದಲಿನಿಂದ ಓದಿದೆ, ತೀರ್ಪನ್ನು ಬದಿಗಿಟ್ಟು. ದೊಡ್ಡ ಸಾಹೇಬರ ಮಾತು ನೆನಪಿತ್ತು. ತವನಪ್ಪನ ಹೇಳಿಕೆ ಉದ್ದವಾಗಿತ್ತು. ಬಾವಿ ಹೇಳಿದ್ದ, ಅಜ್ಜನನ್ನು ಹೇಳಿದ್ದ, ಪಾಲಿನ ವಿಷಯ ಹೇಳಿದ್ದ. ಪಾಯಪ್ಪ ಮನೆಗೆ ಬಂದದ್ದನ್ನು ಎಲ್ಲಿಯೂ ಹೇಳಿರಲಿಲ್ಲ. ಅವನ ಮನೆಯಲ್ಲೇ, ಅವನೆದುರಿಗೇ ನಡೆದದ್ದು, ಅವನ ಕೇಸಿಗೆ ಎಲ್ಲಕ್ಕಿಂತ ಬಲವಾದದ್ದು. ನೆರೆಯವರು ಬಂದು ಹೇಳಿದರು, ಅವನು ಹೇಳಲಿಲ್ಲ. ಯಾಕೆ? ಅದು ಮರೆವಲ್ಲ, ಅವನು ಬೇಕೆಂದೇ ಬಿಟ್ಟಿದ್ದಾನೆ ಅನ್ನಿಸಿತು.

ತೀರ್ಪು ಹೇಳಲು ಅಗತ್ಯವೆನಿಸಿದರೆ ಅಪೀಲಿನ ಕೋರ್ಟು ತಾನೇ ಸಾಕ್ಷಿಯನ್ನು ಕರೆದು ಕೇಳಬಹುದು. ಈ ಅಧಿಕಾರವನ್ನು ಬಳಸುವುದು ಅಪರೂಪ, ಬಳಸಬೇಕಾದದ್ದೂ ಅಪರೂಪಕ್ಕೇ. ಕಾರಣ ಬರೆಸಿ ತವನಪ್ಪನನ್ನು ಸಾಕ್ಷಿ ಪೆಟ್ಟಿಗೆಗೆ ಕರೆದೆ. ಅವನ ವಕೀಲರು ಎದ್ದು ಬಲವಾಗಿ ಆಕ್ಷೇಪಿಸಿದರು. ಅದನ್ನೂ ಬರೆಸಿದೆ. ನಾನು ಕೇಳಿದ ಮೇಲೆ ಇಬ್ಬರೂ ವಕೀಲರು ಪಾಟೀ ಸವಾಲು ಮಾಡಬಹುದು ಎಂದೂ ಹೇಳಿದೆ. ತವನಪ್ಪ ಪ್ರಮಾಣ ಮಾಡಿದ.

"ಪಾಯಪ್ಪ ನಿಮ್ಮ ಮನಿಗೆ ಬಂದದ್ದು ಖರೇನ?"

"ಖರೇ ರಿ."

"ಯಾವ ದಿನ?"

"ಕ್ಷಮಾವಣಿ ದಿನಾ ರಿ."

"ಬಂದು ಏನಂದ?"

"ಕೈ ಮುಗದು ಉತ್ತಮ ಕ್ಷಮಾ ಅಂದಾನ್ರಿ."

"ನೀವು ಏನಂದ್ರಿ?"

ಅವನ ವಕೀಲರು ಕೆಮ್ಮಿದರು. ತವನಪ್ಪ ಅವರ ಕಡೆ ನೋಡಲಿಲ್ಲ. ಪಾಯಪ್ಪನ ಕಡೆ ನೋಡಿದ.

"ನಾನೂ ಉತ್ತಮ ಕ್ಷಮಾ ಅಂದ್ನಿರಿ. ಅವ ಹಿರ್ಯಾ ಅದಾನ. ಕಾಲ ಮುಟ್ಟೇನಿ."

"ನೀವು ಅವಗ ಏನ ತಪ್ಪ ಮಾಡಿದ್ರಿ?"

"ಅದು ಹಂಗಲ್ರಿ ಸಾಹೇಬ್ರ. ಮಾಡಿದ್ದಕ್ಕೂ ಕೇಳ್ತೀವಿ, ಮಾಡಲಾರದ್ದಕ್ಕೂ ಕೇಳ್ತೀವಿ. ಗೊತ್ತಿಲ್ದ ಕಾಲಾಗ ಸಿಕ್ಕಿರತೈತಲ್ಲ ಇರಿವಿ, ಅದಕ್ಕೂ ಕೇಳ್ತೀವಿ."

"ಅವತ್ತ ಬಾವಿ ಮಾತು ಬಂತ?"

"ಇಲ್ರಿ. ಬಾವಿ ಮಾತ ತಗದ್ರ ಅದು ಕ್ಷಮಾ ಹೆಂಗ ಆಕ್ಕೈತ್ರಿ?"

ಅವನ ಮಾತುಗಳನ್ನು ಅವನು ಆಡಿದಂತೆಯೇ ಕನ್ನಡದಲ್ಲಿ ಬರೆಸಿದೆ. ಅವನ ವಕೀಲರು ಪಾಟೀ ಸವಾಲು ಇಲ್ಲ ಅಂದರು. ಏನೆಂದು ಕೇಳುತ್ತಾರೆ ಪಾಪ.

ನನ್ನ ಕೋಣೆಯ ಕಿಟಕಿ ಜಗಲಿಯ ಕಡೆಗಿತ್ತು. ಹೊರಗೆ ವಕೀಲರು ಸಿಟ್ಟಿನಿಂದ ಮಾತಾಡುವುದು ಕೇಳಿಸಿತು. "ಅಲ್ಲೋ ಮಾರಾಯಾ, ನೆನಪಿಲ್ಲ ಅಂದಿದ್ರ ಮುಗೀತಿತ್ತು. ಕೈಯಾಗಿಂದು ಬಿಟ್ಟು ಕುಂತಿ." ಅದಕ್ಕೆ ತವನಪ್ಪ ಮೆಲ್ಲಗೆ ಹೇಳಿದ: "ವಕೀಲ್ರ, ನೀರಿನ ಮಾತಿಗೆ ಒಂದೀಟು ಹೆಚ್ಚು ಕಡಿಮಿ ಹೇಳೇನಿ, ಅದು ನನಗ ಗೊತ್ತೈತಿ. ಕ್ಷಮಾದಾಗ ಹೆಂಗ ಸುಳ್ಳ ಹೇಳ್ಲಿ? ಮತ್ತ ಅದಕ್ಕ ಯಾರ ಕಡೆ ಹೋಗಿ ಕ್ಷಮಾ ಕೇಳ್ಲಿ?" ನಾನು ಕಿಟಕಿ ಮುಚ್ಚಿ ಕುಳಿತೆ. ಕಿಟಕಿಯಿಂದ ಕೇಳಿದ ಮಾತನ್ನು ನ್ಯಾಯಾಧೀಶ ಕೇಳಿರಲಿಲ್ಲ. ಮನುಷ್ಯ ಕೇಳಿದ್ದ, ಈಗಲೂ ಮರೆತಿಲ್ಲ. ತನ್ನ ಕೇಸು ಬೀಳುತ್ತದೆಂದು ಗೊತ್ತಿದ್ದೂ ನಿಜ ಹೇಳಿದವರನ್ನು ನನ್ನ ಇಡೀ ಸೇವೆಯಲ್ಲಿ ನಾನು ಕಂಡದ್ದು ತೀರ ಕಡಿಮೆ.

ತೀರ್ಪು ಕಷ್ಟವಾಗಲಿಲ್ಲ. ತಪ್ಪೊಪ್ಪಿಗೆಯ ಮಾತು ಬಿದ್ದುಹೋಯಿತು. ಉಳಿದದ್ದು ಸಮನಾದ ತಕ್ಕಡಿ, ರುಜುವಾತು ಮಾಡುವ ಭಾರ ದಾವೆ ಹೂಡಿದವನದು. ಅಪೀಲು ಮಂಜೂರು ಮಾಡಿ ದಾವೆ ವಜಾ ಮಾಡಿದೆ. ಬಾವಿಯ ಪಾಳಿ ಮೊದಲಿನಂತೆ ನಡೆಯಬೇಕೆಂದಾಯಿತು. ತವನಪ್ಪ ಹೈಕೋರ್ಟಿಗೆ ಹೋಗಲಿಲ್ಲ.

ಮುನ್ಸೀಫರ ಬಗ್ಗೆ ತೀರ್ಪಿನಲ್ಲಿ ಒಂದೂ ಕಟು ಮಾತು ಬರೆಯಲಿಲ್ಲ. ಇದೂ ದೊಡ್ಡ ಸಾಹೇಬರ ಪಾಠವೇ: ತೀರ್ಪನ್ನು ಬದಲಿಸು, ತೀರ್ಪು ಬರೆದವನನ್ನು ಹೀಯಾಳಿಸಬೇಡ. ಕೆಲವು ದಿನಗಳಲ್ಲಿ ಆ ತರುಣ ತಾವೇ ಚಿಕ್ಕೋಡಿಗೆ ಬಂದರು. "ಸರ್, ಕೈ ಮುಗಿದು ಕ್ಷಮೆ ಕೇಳೋದು ಅಂದ್ರೆ ತಪ್ಪು ಒಪ್ಕೊಂಡ ಹಾಗೆ ಅಲ್ವಾ ಸರ್? ನಾನು ಎಲ್ಲಿ ಎಡವಿದೆ ಹೇಳಿ" ಅಂದರು. "ನಿಮ್ಮೂರಾಗಾದ್ರ ನೀವು ಬರದದ್ದು ಬರೋಬ್ಬರಿ ಇತ್ರಿ" ಎಂದೆ. ಅವರಿಗೆ ನಗು ಬಂತು. ನನ್ನ ತೀರ್ಪು ರದ್ದಾದಾಗೆಲ್ಲ ನಾನು ಎರಡು ದಿನ ಊಟ ಬಿಟ್ಟು ಮುನಿಸಿಕೊಂಡವನು. ರದ್ದು ಮಾಡಿದವರನ್ನೇ ಹುಡುಕಿಕೊಂಡು ಬಂದು ಕಲಿಯುವ ದೊಡ್ಡತನ ನನಗಿರಲಿಲ್ಲ. ಅವರು ಮುಂದೆ ತುಂಬ ಒಳ್ಳೆಯ ನ್ಯಾಯಾಧೀಶರಾದರು.

ಮರುವರ್ಷ ಕ್ಷಮಾವಣಿಯ ದಿನ ಮಧ್ಯಾಹ್ನ ಊಟಕ್ಕೆ ಹೊರಟಾಗ ಕೋರ್ಟಿನ ಬೇವಿನ ಮರದ ಕೆಳಗೆ ಪಾಯಪ್ಪ, ತವನಪ್ಪ ಇಬ್ಬರೂ ಕೂಡಿಯೇ ನಿಂತಿದ್ದರು. ನನ್ನನ್ನು ಕಂಡು ದೂರದಿಂದಲೇ ಕೈ ಮುಗಿದರು. ಕುರ್ಚಿಯ ಮೇಲಿರುವತನಕ ಕಕ್ಷಿದಾರರೊಂದಿಗೆ ಹೊರಗೆ ಮಾತಿಲ್ಲ ಎಂಬುದು ನನ್ನ ನಿಯಮ. ತಲೆಯಾಡಿಸಿ ಹೋದೆ. ಸರಿಯಾದದ್ದನ್ನೇ ಮಾಡಿದ್ದೆ. ಆದರೂ ಜಗಳದ ನಡುವೆಯೂ ಆ ದಿನ ಪಾಯಪ್ಪನಿಗೆ ತಾನೂ ಉತ್ತಮ ಕ್ಷಮಾ ಅಂದೆನೆಂದು ನನ್ನೆದುರಿಗೇ ತವನಪ್ಪ ಪ್ರಮಾಣ ಮಾಡಿ ಹೇಳಿದ್ದನಲ್ಲ, ನಾನು ಮಾತ್ರ ಮರುಮಾತು ಹೇಳದೆ ಹೋದೆ ಎಂಬುದು ಮನಸ್ಸಿನಲ್ಲಿ ಉಳಿಯಿತು.

ನಿವೃತ್ತನಾದ ವರ್ಷ ಆ ದಿನ ಬಂದಾಗ ಮೀರಜ ಪ್ಯಾಸೆಂಜರ್ ಹತ್ತಿ ಶೇಡಬಾಳದಲ್ಲಿ ಇಳಿದು ಅವರ ಊರಿಗೆ ಹೋದೆ. ಪಾಯಪ್ಪ ತೀರಿಕೊಂಡಿದ್ದ. ತವನಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಮುದುಕನಾಗಿದ್ದ. ಗುರುತು ಹಿಡಿದು ಏಳುವಷ್ಟರಲ್ಲಿ ನಾನೇ ಮೊದಲು ಕೈ ಮುಗಿದು "ಉತ್ತಮ ಕ್ಷಮಾ" ಅಂದೆ. ಅವನು ಗಾಬರಿಯಾದ. "ಸಾಹೇಬ್ರ, ನೀವ್ಯಾಕ್ರಿ? ನೀವು ಕೊಟ್ಟ ತೀರ್ಪು ಬರೋಬ್ಬರಿ ಇತ್ತಲ್ರಿ!"

"ಮಾಡಲಾರದ್ದಕ್ಕೂ ಕೇಳ್ತೀವಿ ಅಂತ ನೀವ ಹೇಳಿದ್ರಲ್ಲ" ಅಂದೆ.

ತವನಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. "ಉತ್ತಮ ಕ್ಷಮಾ ರಿ, ಉತ್ತಮ ಕ್ಷಮಾ" ಅಂದ. ಅವನ ಕಣ್ಣು ತುಂಬಿದ್ದವು, ನನ್ನವೂ.

ಉಂಡ ಮೇಲೆ ಬಾವಿ ನೋಡಬೇಕೆಂದೆ. ಅಷ್ಟು ಓದಿದ್ದೆ, ಅಷ್ಟು ಬರೆದಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಕಲ್ಲು ಕಟ್ಟಿದ ಹಳೆಯ ಬಾವಿ, ಪಕ್ಕದಲ್ಲಿ ಮೋಟಾರಿನ ಸಣ್ಣ ಕೋಣೆ. ಎರಡು ಕಡೆಗೆ ಎರಡು ಪೈಪು. ತವನಪ್ಪ ಒಳಗೆ ಹೋಗಿ ಗುಂಡಿ ಒತ್ತಿದ. ಹೊರಗೆ ಬಂದು ತನ್ನ ಕಬ್ಬಿನ ಕಡೆಯ ವಾಲ್ವು ಮುಚ್ಚಿ ಪಾಯಪ್ಪನ ದ್ರಾಕ್ಷಿಯ ಕಡೆಯದನ್ನು ತಿರುವಿದ.

"ಪಾಯಪ್ಪಣ್ಣನ ಮಗ ಮೀರಜಿಗೆ ಹೋಗ್ಯಾನ್ರಿ, ಬರೂದು ಹೊತ್ತಾಕ್ಕೈತಿ" ಅಂದ. "ಇವತ್ತ ಅವರ ಪಾಳಿ. ತಪ್ಪಬಾರದಲ್ರಿ."

ನನ್ನ ಒಂದು ತೀರ್ಪಿನ ಅಮಲ್ಜಾರಿಯನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಜಾರಿ ಮಾಡುತ್ತಿದ್ದವನು ಸೋತವನು. ನೀರು ಬಳ್ಳಿಗಳ ಬುಡ ಮುಟ್ಟುವತನಕ ಇಬ್ಬರೂ ಅಲ್ಲಿಯೇ ನಿಂತಿದ್ದೆವು.